ಯಾರ ಸಂಪರ್ಕವೂ ಕಡಿಯದಂತೆ ಲೋಡ್ ಬ್ಯಾಲೆನ್ಸರ್ ರೀಲೋಡ್ ಮಾಡುವುದು ಹೇಗೆ?

ಬರುವ ಕೋರಿಕೆಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ಪ್ರೋಗ್ರಾಂ ಲೋಡ್ ಬ್ಯಾಲೆನ್ಸರ್. ಅದರ ಕಾನ್ಫಿಗ್ (ಸೆಟ್ಟಿಂಗ್‌ಗಳ) ಕಡತದಲ್ಲಿ ಒಂದು ಸಾಲು ಬದಲಾಯಿಸಿ ಮರುಕ್ಷಣವೇ ‘ರೀಸ್ಟಾರ್ಟ್’ ಎಂದು ಟೈಪಿಸುವವರನ್ನು ಕಂಡಾಗಲೆಲ್ಲ ಕೈ ಹಿಡಿದು ತಡೆಯಬೇಕು ಅನ್ನಿಸುತ್ತದೆ. ಅದು ಎಲೆಯ ಮುಂದೆ ಕುಳಿತು ಉಣ್ಣುತ್ತಿರುವವರನ್ನು ಅರ್ಧಕ್ಕೇ ಎಬ್ಬಿಸಿದಂತೆ. ಹಣ ಪಾವತಿಯ ಪುಟದಲ್ಲಿ ಇದ್ದವರು, ದೊಡ್ಡ ಕಡತ ಇಳಿಸಿಕೊಳ್ಳುತ್ತಿದ್ದವರು ಎಲ್ಲರ ಸಂಪರ್ಕವೂ ಒಮ್ಮೆಗೇ ಕಡಿಯುತ್ತದೆ. ರೀಲೋಡ್ ಮಾಡಿದರೆ ಹೊಸಬರನ್ನು ಹೊಸ ಪ್ರೊಸೆಸ್ (ಚಾಲನೆಯಲ್ಲಿರುವ ಪ್ರೋಗ್ರಾಂನ ಒಂದು ಪ್ರತಿ) ನೋಡಿಕೊಳ್ಳುತ್ತದೆ, ಇದ್ದವರನ್ನು ಹಳೆಯದು ಕೊನೆಯವರೆಗೆ ನೋಡಿಕೊಂಡು ತಾನೇ ಹೊರಡುತ್ತದೆ. ಬಹಳಷ್ಟು ಕಡೆ ಬಳಕೆಯಲ್ಲಿರುವ ಎಚ್‌ಎಪ್ರಾಕ್ಸಿ ಎಂಬ ಲೋಡ್ ಬ್ಯಾಲೆನ್ಸರ್ ಅನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ.

ಹಂತ 1: ಪ್ರತಿ ಇಟ್ಟುಕೊಳ್ಳಿ. ಹಳೆಯ ಕಡತವನ್ನು ಗಿಟ್‌ನಲ್ಲಿ (ಕಡತಗಳ ಹಳೆಯ ಆವೃತ್ತಿಗಳನ್ನು ಕಾಪಿಡುವ ಸಾಧನ) ಇಡಿ. ಇಷ್ಟೇ.

ಹಂತ 2: ಪರಿಶೀಲಿಸಿ. ಎಚ್‌ಎಪ್ರಾಕ್ಸಿಗೆ ‘-ಸಿ’ ಆಯ್ಕೆ ಕೊಟ್ಟರೆ ಅದು ಕಡತವನ್ನು ಓದಿ ತಪ್ಪು ಹೇಳುತ್ತದೆ, ಏನನ್ನೂ ಚಾಲೂ ಮಾಡುವುದಿಲ್ಲ. ಈ ಪರೀಕ್ಷೆಯನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾಡಬೇಡಿ, ಅದೇ ಸರ್ವರ್‌ನಲ್ಲಿ ಮಾಡಿ. ಎಚ್‌ಟಿಟಿಪಿಎಸ್‌ಗೆ ಬೇಕಾದ ಪ್ರಮಾಣಪತ್ರದ ಕಡತಗಳು ಇರುವುದು ಅಲ್ಲಿ, ಹಿಂದಿನ ಸರ್ವರ್‌ಗಳ (ಲೋಡ್ ಬ್ಯಾಲೆನ್ಸರ್‌ನ ಹಿಂದೆ ನಿಂತು ಕೋರಿಕೆಗಳಿಗೆ ಉತ್ತರಿಸುವ ಸರ್ವರ್‌ಗಳ) ಹೆಸರಿಗೆ ವಿಳಾಸ ಸಿಗುವುದೂ ಅಲ್ಲಿಯೇ. ತಪ್ಪೇನೂ ಇಲ್ಲವೆಂದು ಕಂಡೊಡನೆ ಮುಂದಕ್ಕೆ ಓಡಬೇಡಿ. ಪರೀಕ್ಷೆ ತೋರಿಸುವ ಎಚ್ಚರಿಕೆಗಳನ್ನೂ ಓದಿ. ನೀವು ಬರೆದ ಕ್ರಮಕ್ಕೂ ನಿಯಮಗಳು ನಿಜವಾಗಿ ಜಾರಿಯಾಗುವ ಕ್ರಮಕ್ಕೂ ವ್ಯತ್ಯಾಸವಿದ್ದರೆ ಅದು ತಿಳಿಯುವುದು ಅಲ್ಲಿ ಮಾತ್ರ. ಬೇರೊಂದು ಪ್ರೋಗ್ರಾಂ ಅದೇ ಪೋರ್ಟನ್ನು ಹಿಡಿದು ಕುಳಿತಿದ್ದರೆ ಈ ಪರೀಕ್ಷೆ ಅದನ್ನು ಹೇಳುವುದಿಲ್ಲ ಎಂಬುದೂ ನೆನಪಿರಲಿ.

ಹಂತ 3: ರೀಲೋಡ್. ಸಿಸ್ಟಂಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ವ್ಯವಸ್ಥೆ) ಇರುವ ಸರ್ವರ್‌ಗಳಲ್ಲಿ ‘ಸಿಸ್ಟಂಸಿಟಿಎಲ್ ರೀಲೋಡ್ ಎಚ್‌ಎಪ್ರಾಕ್ಸಿ’ ಎಂಬ ಒಂದೇ ಆದೇಶ ಸಾಕು. ಮೇಲ್ವಿಚಾರಣೆಯ ಮಾಸ್ಟರ್ ಪ್ರೊಸೆಸ್‌ಗೆ ‘ಯುಎಸ್‌ಆರ್2’ ಸಂಕೇತ ಹೋಗುತ್ತದೆ, ಅದು ಹೊಸ ವರ್ಕರ್ (ಸಂಪರ್ಕಗಳನ್ನು ನಿಜವಾಗಿ ನಿಭಾಯಿಸುವ ಪ್ರೊಸೆಸ್) ಅನ್ನು ಎಬ್ಬಿಸಿ ಹಳೆಯದಕ್ಕೆ ಬಿಡುಗಡೆಯ ಸೂಚನೆ ಕೊಡುತ್ತದೆ. ಹೊಸ ಸಂಪರ್ಕಗಳಿಗೆ ಕಿವಿಗೊಟ್ಟಿರುವ ಸಾಕೆಟ್‌ಗಳನ್ನೇ (ಸಂಪರ್ಕದ ಬಾಗಿಲುಗಳನ್ನೇ) ಹಳೆಯದರಿಂದ ಹೊಸದಕ್ಕೆ ದಾಟಿಸುವ ಸೌಲಭ್ಯ 2017ರಲ್ಲಿ ಬಂದ 1.8ನೇ ಆವೃತ್ತಿಯಿಂದ ಇದೆ. ಅದಕ್ಕೂ ಮೊದಲು ಈ ಹಸ್ತಾಂತರದ ಸಂದಿಯಲ್ಲಿ ಕೆಲವು ಸಂಪರ್ಕಗಳು ಬಿದ್ದುಹೋಗುತ್ತಿದ್ದವು. ಅದನ್ನು ತಪ್ಪಿಸಲು ರೀಲೋಡ್ ಮುಗಿಯುವವರೆಗೆ ಹೊಸ ಸಂಪರ್ಕದ ಕೋರಿಕೆಗಳನ್ನು ಫೈರ್‌ವಾಲ್‌ನಲ್ಲಿ ತಡೆಹಿಡಿಯುವ ಸ್ಕ್ರಿಪ್ಟ್‌ಗಳಿದ್ದವು. ಅವು ಇಂದಿಗೂ ಒಬ್ಬರಿಂದ ಒಬ್ಬರಿಗೆ ನಕಲಾಗುತ್ತಿವೆ. ನಿಮ್ಮಲ್ಲಿದ್ದರೆ ಅಳಿಸಿ.

ಗುಂಡಿ ಒತ್ತಿದರೆ ಎಲ್ಲವೂ ಮುಗಿಯುತ್ತದೆ ಎನ್ನುವ ವೆಬ್ ಪ್ಯಾನೆಲ್‌ಗಳ ಬಗ್ಗೆಯೂ ಹುಷಾರಾಗಿರಿ. ‘ಅನ್ವಯಿಸು’ ಎಂಬ ಗುಂಡಿಯ ಹಿಂದೆ ರೀಸ್ಟಾರ್ಟ್ ಇರುವ ಪ್ಯಾನೆಲ್‌ಗಳಿವೆ. ಒತ್ತುವ ಮೊದಲು ಒಳಗೆ ಯಾವ ಆದೇಶವಿದೆ ಎಂದು ನೋಡಿ.

ಹಂತ 4: ಹಳೆಯ ವರ್ಕರ್ ಹೊರಡುವವರೆಗೆ ಕಾಯಿರಿ. ಜನ ಎಡವುವುದು ಇಲ್ಲಿ. ಆದೇಶ ಕ್ಷಣದಲ್ಲಿ ಮುಗಿಯುವುದರಿಂದ ಕೆಲಸವೂ ಮುಗಿಯಿತೆಂದು ಟರ್ಮಿನಲ್ ಮುಚ್ಚಿಬಿಡುತ್ತಾರೆ.

ಸಾಮಾನ್ಯ ಎಚ್‌ಟಿಟಿಪಿ ಕೋರಿಕೆಗಳು ಬೇಗ ಮುಗಿಯುತ್ತವೆ. ತೊಂದರೆ ಬರುವುದು ವೆಬ್‌ಸಾಕೆಟ್‌ನಿಂದ, ಅಂದರೆ ಬಹಳ ಹೊತ್ತು ತೆರೆದೇ ಇರುವ ಸಂಪರ್ಕದಿಂದ. ಚಾಟ್ ಆ್ಯಪ್ ಒಂದು ಪ್ರತಿ ಮೂವತ್ತು ಸೆಕೆಂಡಿಗೊಮ್ಮೆ ‘ಇದ್ದೇನೆ’ ಎಂದು ಪಿಂಗ್ ಕಳಿಸುತ್ತದೆ ಎಂದುಕೊಳ್ಳಿ. ನೀವು ‘ಟೈಮ್‌ಔಟ್ ಟನೆಲ್’ಗೆ ಒಂದು ಗಂಟೆ ಕೊಟ್ಟಿದ್ದೀರಿ. ಆ ಗಡಿಯಾರ ಎಣಿಸುವುದು ಮೌನದ ಅವಧಿಯನ್ನು. ಪ್ರತಿ ಪಿಂಗ್‌ಗೂ ಅದು ಸೊನ್ನೆಗೆ ಮರಳುತ್ತದೆ. ಹೀಗಾಗಿ ಆ ಬಳಕೆದಾರ ಆ್ಯಪ್ ಮುಚ್ಚುವವರೆಗೆ ಹಳೆಯ ವರ್ಕರ್ ಹಳೆಯ ಕಾನ್ಫಿಗ್ ಹೊತ್ತು ಜೀವಂತವಾಗಿಯೇ ಇರುತ್ತದೆ. ದಿನಕ್ಕೆ ಹತ್ತು ಬಾರಿ ರೀಲೋಡ್ ಮಾಡಿದರೆ ಇಂಥ ಹತ್ತು ವರ್ಕರ್‌ಗಳು ಮೆಮೊರಿ ತಿನ್ನುತ್ತಾ ಕುಳಿತಿರುತ್ತವೆ.

ಆದ್ದರಿಂದ ಗ್ಲೋಬಲ್ ವಿಭಾಗದಲ್ಲಿ ‘ಹಾರ್ಡ್-ಸ್ಟಾಪ್-ಆಫ್ಟರ್’ ಎಂಬ ಗಡುವನ್ನು ಖಂಡಿತ ಬರೆಯಿರಿ. ಆ ಅವಧಿ ಮೀರಿದರೆ ಹಳೆಯ ವರ್ಕರ್ ಉಳಿದ ಸಂಪರ್ಕಗಳನ್ನು ಕಡಿದು ಹೊರಡುತ್ತದೆ. ನಿಮ್ಮಲ್ಲಿ ನಡೆಯುವ ಅತಿ ದೀರ್ಘ ಡೌನ್‌ಲೋಡ್ ಎಷ್ಟು ಹೊತ್ತಿನದೋ ಅದಕ್ಕಿಂತ ತುಸು ಹೆಚ್ಚು ಕೊಡಿ. ನನ್ನ ಆಯ್ಕೆ ಅರ್ಧ ಗಂಟೆ. ವೆಬ್‌ಸಾಕೆಟ್ ಬಳಸುವ ಆ್ಯಪ್‌ನವರಿಗೂ ಮೊದಲೇ ಹೇಳಿಡಿ: ಸಂಪರ್ಕ ಕಡಿದಾಗ ಎಲ್ಲರೂ ಅದೇ ಸೆಕೆಂಡಿನಲ್ಲಿ ಮರಳಿ ಬಾರದಂತೆ, ಒಬ್ಬೊಬ್ಬರು ಒಂದೊಂದು ಅಂತರದಲ್ಲಿ ಪ್ರಯತ್ನಿಸುವಂತೆ ಬರೆಯಬೇಕು.

ಕಾಯುವಾಗ ಗಮನಿಸಬೇಕಾದ ಇನ್ನೊಂದು ವಿಷಯ ‘ಮ್ಯಾಕ್ಸ್‌ಕಾನ್’, ಅಂದರೆ ಏಕಕಾಲದ ಸಂಪರ್ಕಗಳ ಗರಿಷ್ಠ ಮಿತಿ. ಈ ಮಿತಿ ಪ್ರತಿ ವರ್ಕರ್‌ಗೂ ಪ್ರತ್ಯೇಕ. ಹಿಂದಿನ ಸರ್ವರ್‌ಗೆ ನೂರು ಸಂಪರ್ಕ ಸಾಕೆಂದು ಬರೆದಿದ್ದರೂ ಹಳೆಯದು ಮತ್ತು ಹೊಸದು ಸೇರಿ ಇನ್ನೂರರವರೆಗೆ ಕಳಿಸಬಲ್ಲವು. ಸರ್ವರ್‌ಗೆ ಅದನ್ನು ತಾಳುವ ಶಕ್ತಿ ಇಲ್ಲದಿದ್ದರೆ ದಟ್ಟಣೆಯ ಹೊತ್ತಿನಲ್ಲಿ ರೀಲೋಡ್ ಮಾಡಲೇಬೇಡಿ. ಸ್ಟಿಕ್ ಟೇಬಲ್ (ಯಾರು ಎಷ್ಟು ಕೋರಿಕೆ ಕಳಿಸಿದರೆಂಬ ಎಣಿಕೆಯನ್ನು ಮೆಮೊರಿಯಲ್ಲಿ ಇಡುವ ಪಟ್ಟಿ) ಇಟ್ಟುಕೊಂಡು ಕೋರಿಕೆಗಳಿಗೆ ಮಿತಿ ಹಾಕುವವರು ಆ ಎಣಿಕೆಯನ್ನು ಹೊಸ ವರ್ಕರ್‌ಗೆ ದಾಟಿಸುವ ‘ಪಿಯರ್ಸ್’ ವಿಭಾಗ ಬರೆದು ಟೇಬಲ್‌ಗೆ ಜೋಡಿಸಿರಬೇಕು. ಇಲ್ಲವಾದರೆ ಹೊಸ ವರ್ಕರ್‌ನಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ತಡೆಹಿಡಿದಿದ್ದ ಪುಂಡರೆಲ್ಲ ಮತ್ತೆ ಒಳಗೆ ಬರುತ್ತಾರೆ.

ಹಳೆಯ ವರ್ಕರ್ ಹೋಯಿತೇ ಎಂದು ನೋಡಲು ಮಾಸ್ಟರ್ ಸಾಕೆಟ್‌ನಲ್ಲಿ (ಮಾಸ್ಟರ್‌ಗೆ ಆದೇಶ ಕೊಡುವ ದಾರಿ) ‘ಶೋ ಪ್ರೊಕ್’ ಎಂದು ಕೇಳಿ. ಹಳೆಯ ವರ್ಕರ್‌ಗಳ ಪಟ್ಟಿ ಖಾಲಿಯಾದಾಗ ರೀಲೋಡ್ ಮುಗಿಯಿತು. ಅದು ಖಾಲಿಯಾಗುವ ಮೊದಲೇ ಇನ್ನೊಂದು ಬದಲಾವಣೆ ಹಿಡಿದು ಬರುವ ಸಹೋದ್ಯೋಗಿಗೆ ಕಾಯಲು ಹೇಳಿ, ಎರಡನ್ನೂ ಸೇರಿಸಿ ಒಂದೇ ಸಲ ಮಾಡಿ. ಕಂಟೇನರ್ (ಆ್ಯಪ್ ಒಂದನ್ನು ಪ್ರತ್ಯೇಕವಾಗಿ ನಡೆಸುವ ಪೊಟ್ಟಣ) ಒಂದು ಎದ್ದಾಗಲೆಲ್ಲ ತಾನಾಗಿಯೇ ರೀಲೋಡ್ ಮಾಡುವ ಸ್ಕ್ರಿಪ್ಟ್‌ಗಳಿಗೂ ಇದೇ ಕಡಿವಾಣ ಬೇಕು.

ರೀಲೋಡ್ ಬೇಕೇ ಇಲ್ಲದ ಕೆಲಸಗಳು. ಒಂದು ಸರ್ವರ್ ಅನ್ನು ದುರಸ್ತಿಗೆ ಹೊರತೆಗೆಯಲು ಅದನ್ನು ‘ಡ್ರೈನ್’ ಸ್ಥಿತಿಗೆ ಹಾಕಿದರೆ ಸಾಕು, ಈಗಾಗಲೇ ಅದಕ್ಕೆ ಅಂಟಿಕೊಂಡಿರುವವರನ್ನು ಬಿಟ್ಟು ಹೊಸಬರು ಅದರತ್ತ ಹೋಗುವುದಿಲ್ಲ. ಮ್ಯಾಪ್‌ಗೆ (ಯಾವುದಕ್ಕೆ ಯಾವುದು ಎಂಬ ಜೋಡಿಗಳ ಪಟ್ಟಿ) ಸಾಲು ಸೇರಿಸುವುದು, ಈಚಿನ ಆವೃತ್ತಿಗಳಲ್ಲಿ ಪ್ರಮಾಣಪತ್ರ ಬದಲಾಯಿಸುವುದು ಕೂಡ ಅಡ್ಮಿನ್ ಸಾಕೆಟ್‌ನಿಂದಲೇ (ಓಡುತ್ತಿರುವ ಎಚ್‌ಎಪ್ರಾಕ್ಸಿಗೆ ನೇರ ಆದೇಶ ಕೊಡುವ ದಾರಿ) ಆಗುತ್ತದೆ. ಆದರೆ ಸಾಕೆಟ್‌ನಲ್ಲಿ ಮಾಡಿದ್ದು ಡಿಸ್ಕಿಗೆ ಇಳಿಯುವುದಿಲ್ಲ. ಅದನ್ನು ಅದೇ ಗಳಿಗೆಯಲ್ಲಿ ಕಡತಕ್ಕೂ ಬರೆಯಿರಿ. ಇಲ್ಲದಿದ್ದರೆ ಮುಂದಿನ ರೀಲೋಡ್ ಆದ ಕೂಡಲೇ ದುರಸ್ತಿಯಲ್ಲಿರುವ ಸರ್ವರ್‌ಗೂ ಗ್ರಾಹಕರು ಹೋಗತೊಡಗುತ್ತಾರೆ.