ಒಂದೇ ಪ್ರಶ್ನೆ ಹಿಡ್ಕೊಂಡು ಇಂಟರ್ನೆಟ್ ಗವರ್ನೆನ್ಸ್ ಸಮ್ಮರ್ ಸ್ಕೂಲಿಗೆ ಹೋಗಿದ್ದೆ

ನಾನು ಲಾಯರ್ ಅಲ್ಲ, ಪಾಲಿಸಿ ಓದಿದೋನೂ ಅಲ್ಲ, ಮೈಸೂರಲ್ಲಿ ಸೊಸೈಟಿಗಳಿಗೆ, ಸಣ್ಣಪುಟ್ಟ ಪ್ರಕಾಶನದೋರಿಗೆ ವೆಬ್‌ಸೈಟ್ ಮಾಡ್ಕೊಡೋನು. ಒಬ್ರಿಗೆ ಹೆಸರು ಪೂರ್ತಿ ಕನ್ನಡದಲ್ಲೇ ಬೇಕಿತ್ತು, ಕೊನೇಲಿ .ಭಾರತ ಅಂತ ಬರೋ ಡೊಮೇನ್ ತಗೊಂಡ್ವಿ, ಸೈಟೇನೋ ಚೆನ್ನಾಗೇ ಓಪನ್ ಆಯ್ತು, ಆದ್ರೆ ಅದೇ ಹೆಸರಲ್ಲಿ ಇಮೇಲ್ ಮಾಡಿ ಯಾವ ಆನ್‌ಲೈನ್ ಫಾರ್ಮಿಗೆ ಹಾಕಿದ್ರೂ ಇಮೇಲ್ ಸರಿ ಇಲ್ಲ ಅಂತ ಕೆಂಪಕ್ಷರದಲ್ಲಿ ಬರೋದು. ಡೊಮೇನ್ ಮಾರಿದೋರು ನಮ್ದಲ್ಲ ಅಂದ್ರು, ಹೋಸ್ಟಿಂಗ್‌ನೋರೂ ನಮ್ದಲ್ಲ ಅಂದ್ರು. ಹಾಗಾದ್ರೆ ಯಾರ್ದು? ಇದೇ ಪ್ರಶ್ನೆನ ಹಾಗ್ಹಾಗೇ ಸಮ್ಮರ್ ಸ್ಕೂಲಿನ ಅರ್ಜಿಲಿ ಬರೆದೆ, ಡಿಜಿಟಲ್ ಇಂಡಿಯಾ, ಸಬಲೀಕರಣ ಅಂತೆಲ್ಲ ಏನೂ ಸೇರಿಸ್ಲಿಲ್ಲ. ಸೆಲೆಕ್ಟ್ ಆಗಿದ್ದು ಅದಕ್ಕೇ ಅಂತ ನನ್ನ ನಂಬಿಕೆ.

ನಾನು ಹೋಗಿದ್ದು ಯೂರೋಸಿಗ್ ಅಂತ ಕರೀತಾರಲ್ಲ, ಇಂಟರ್ನೆಟ್ಟಿನ ನಿಯಮಗಳನ್ನ ಯಾರು, ಹೇಗೆ ಮಾಡ್ತಾರೆ ಅಂತ ಕಲಿಸೋ ಯೂರೋಪಿನ ಸಮ್ಮರ್ ಸ್ಕೂಲು, ಜರ್ಮನಿಯ ಮೈಸನ್ ಊರಲ್ಲಿ ನಡೆಯೋದು, ಅಲ್ಲಿಗೆ. ಪ್ರೊಫೆಸರ್ ವೋಲ್ಫ್‌ಗ್ಯಾಂಗ್ ಕ್ಲೈನ್‌ವೆಕ್ಟರ್ 2007ರಲ್ಲಿ ಶುರು ಮಾಡಿದ್ದು. ವೀಸಾ ಬಗ್ಗೆ ಜಾಸ್ತಿ ಹೇಳಲ್ಲ, ಷೆಂಗೆನ್ ವೀಸಾಗೆ ಕಮ್ಮಿ ಅಂದ್ರೂ 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಬೇಕು, ಆಹ್ವಾನ ಪತ್ರ ಕೈಗೆ ಬಂದ ದಿನಾನೇ ಸ್ಲಾಟ್ ಹುಡುಕಿ. ಡ್ರೆಸ್ಡನ್ ತಲುಪಿದ್ರೆ ಅಲ್ಲಿಂದ ಲೋಕಲ್ ಟ್ರೇನು, ಎಲ್ಬೆ ನದಿ ಪಕ್ಕದ ಪಿಂಗಾಣಿ ಊರು, ಜುಲೈಲಿ ರಾತ್ರಿ ಒಂಬತ್ತಾದ್ರೂ ಬೆಳಕಿರುತ್ತೆ. ಸಸ್ಯಾಹಾರಿಗಳು ಆಲೂಗಡ್ಡೆ ಜೊತೆ ಸ್ನೇಹ ಮಾಡ್ಕೊಂಡ್ರೆ ಒಳ್ಳೇದು.

ಪಾಠ ಅಂದ್ರೆ ಬೆಳಿಗ್ಗೆಯಿಂದ ಸಂಜೆವರೆಗೂ ಪಾಠಾನೇ. ಹೋಗೋ ಮುಂಚೆ ಕೆಲವೊಂದು ಗೊತ್ತಿರ್ಬೇಕು, ಇಲ್ದಿದ್ರೆ ಮೊದಲ್ನೇ ದಿನಾನೇ ಮುಳುಗೋಗ್ತೀರ: ಡೊಮೇನ್ ಹೆಸರುಗಳ ವ್ಯವಸ್ಥೆ ನೋಡ್ಕೊಳ್ಳೋ ಐಕ್ಯಾನ್ ಸಂಸ್ಥೆ 1998ರಲ್ಲಿ ಹುಟ್ಟಿದ್ದು, ಇಂಟರ್ನೆಟ್ ಯಾರ ಹಿಡಿತದಲ್ಲಿರ್ಬೇಕು ಅಂತ 2005ರ ವಿಶ್ವಸಂಸ್ಥೆಯ ಟ್ಯೂನಿಸ್ ಶೃಂಗಸಭೆಲಿ ಏನ್ ಜಗಳ ಆಯ್ತು, ಅದರಿಂದ 2006ರಲ್ಲಿ ಅಥೆನ್ಸಲ್ಲಿ ಐಜಿಎಫ್ ಅನ್ನೋ ವಿಶ್ವಸಂಸ್ಥೆಯ ಇಂಟರ್ನೆಟ್ ಚರ್ಚಾ ವೇದಿಕೆ ಹೇಗೆ ಶುರುವಾಯ್ತು, 2016ರ ಅಕ್ಟೋಬರ್ 1ಕ್ಕೆ ಅಮೆರಿಕ ಸರ್ಕಾರ ರೂಟ್ ಮೇಲಿನ, ಅಂದ್ರೆ ಎಲ್ಲಾ ಡೊಮೇನ್‌ಗಳ ಮೂಲ ಪಟ್ಟಿ ಮೇಲಿನ, ಉಸ್ತುವಾರಿ ಯಾಕೆ ಬಿಟ್ಕೊಡ್ತು. ಇಷ್ಟು ಓದ್ಕೊಂಡು ಹೋದ್ರೆ ಮಿಕ್ಕಿದ್ದಕ್ಕೆ ಅಲ್ಲೇ ಕೊಂಡಿ ಸಿಗುತ್ತೆ.

ನಂಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಪ್ರಾಕ್ಟಿಕಂ, ಅಂದ್ರೆ ಮಾಡಿ ಕಲಿಯೋ ಪಾಠ. ಒಂದು ಕಾಲ್ಪನಿಕ ತಕರಾರು ಕೊಡ್ತಾರೆ, ಒಬ್ಬೊಬ್ರಿಗೆ ಒಂದೊಂದು ಪಾತ್ರ. ನಮ್ಗೆ ಬಂದಿದ್ದು, ನದಿ ಹೆಸರನ್ನ ಒಂದು ಕಂಪನಿ ಟಾಪ್ ಲೆವೆಲ್ ಡೊಮೇನ್ ಆಗಿ, ಅಂದ್ರೆ .ಭಾರತ ಥರ ವಿಳಾಸದ ಕೊನೇಲಿ ಬರೋ ಹೆಸರಾಗಿ, ಕೇಳುತ್ತೆ, ನದಿ ಹರಿಯೋ ದೇಶಗಳು ಬೇಡ ಅಂತವೆ. ಡಾಟ್ ಅಮೆಜಾನ್ ವಿಷಯದಲ್ಲಿ ಬ್ರೆಜಿಲ್, ಪೆರು ಮಾಡಿದ ಜಗಳ ನೆನಪಿದ್ದೋರಿಗೆ ಇದೇನು ಹೊಸ ಕಥೆ ಅಲ್ಲ. ನಂಗೆ ಸಿಕ್ಕಿದ್ದು ಸರ್ಕಾರದ ಪಾತ್ರ, ಜೀವನದಲ್ಲಿ ಯಾವತ್ತೂ ಸರ್ಕಾರದ ಪರ ಮಾತಾಡಿದೋನಲ್ಲ ನಾನು. ಕಂಪನಿ ಪರ ಕೂತಿದ್ದೋಳು ಕೀನ್ಯಾದ ಒಂದು ಎನ್‌ಜಿಒ ಹುಡುಗಿ, ಎಂಥಾ ವಾದ ಮಾಡಿದ್ಲು ಅಂತೀರ! ರಾತ್ರಿ ಊಟ ಆದ್ಮೇಲೂ ಒಂದು ವಾಕ್ಯಕ್ಕೆ ಜಗ್ಗಾಡಿದ್ವಿ, ಕೊನೆಗೆ 'ಒಪ್ಪಿಗೆ ಪಡೆದು' ಅನ್ನೋದನ್ನ 'ಸಮಾಲೋಚಿಸಿ' ಅಂತ ಇಳಿಸಿದ್ಮೇಲೆ ಎಲ್ರೂ ಸಹಿ ಹಾಕಿದ್ರು. ನಮ್ಮ ಸರ್ಕಾರ ಸೋತಿತ್ತು, ಆದ್ರೆ ಪತ್ರಿಕಾ ಹೇಳಿಕೆ ಮಾತ್ರ ಜಬರ್ದಸ್ತಾಗಿ ಬರೆದೆ.

ಇನ್ನು ನನ್ನ ಪ್ರಶ್ನೆ. ಅದನ್ನ ಸಿಕ್ಕಸಿಕ್ಕೋರಿಗೆಲ್ಲ ಕೇಳ್ತಾ ಹೋದೆ, ಹೆಚ್ಚಾಗಿ ಟೀ ಬ್ರೇಕಲ್ಲಿ. ತಾಂತ್ರಿಕ ಕಡೆಯೋರು ನಮ್ ಕೆಲಸ ಮುಗಿದಿದೆ, ಬೇರೆ ಲಿಪಿಯ ಇಮೇಲಿಗೆ ಇಂಟರ್ನೆಟ್ಟಿನ ತಾಂತ್ರಿಕ ಮಾನದಂಡ ಮಾಡೋ ಐಇಟಿಎಫ್ 2012ರಲ್ಲೇ ಸ್ಟಾಂಡರ್ಡ್ ಕೊಟ್ಟಿದೆ, ಆರ್‌ಎಫ್‌ಸಿ 6531 ಅಂತ, ಓದು ಅಂದ್ರು. ಇನ್ನೊಬ್ರು ಕನ್ನಡ, ತೆಲುಗು ಅಕ್ಷರಗಳ ಗೊಂದಲದ ಬಗ್ಗೆ ಹೇಳಿದ್ರು, ನಮ್ಮ ಗ, ರ, ಲ ಅವರ ಅಕ್ಷರಗಳ ಥರಾನೇ ಕಾಣುತ್ತಲ್ಲ, ಅದರಿಂದ ಮೋಸ ಆಗ್ಬಾರ್ದು ಅಂತ ಟಾಪ್ ಲೆವೆಲ್ ಹೆಸರುಗಳಿಗೆ ನಿಯಮ ಮಾಡೋಕೆ ನಿಯೋ ಬ್ರಾಹ್ಮಿ ಪ್ಯಾನೆಲ್ ಅಂತ ಒಂದು ಗುಂಪೇ ಕೂತಿತ್ತಂತೆ. .ಭಾರತ ನೋಡ್ಕೊಳ್ಳೋದು ನಿಕ್ಸಿ ಅನ್ನೋ ನಮ್ಮ ದೇಶದ ಸಂಸ್ಥೆ. ಅಂದ್ರೆ ಸ್ಟಾಂಡರ್ಡ್ ಇದೆ, ನಿಯಮ ಇದೆ, ಡೊಮೇನ್ ಇದೆ, ಕೆಡೋದು ಕೊನೇಲಿ ಫಾರ್ಮ್ ಬರೆಯೋ ಡೆವಲಪರ್ ಹತ್ರ, ಇಮೇಲ್ ಅಂದ್ರೆ ಎ ಇಂದ ಝಡ್ ಅಷ್ಟೇ ಅಂತ ಒಂದು ಸಾಲಿನ ಚೆಕ್ ಹಾಕಿರ್ತಾನೆ, ಅವನನ್ನ ಕೇಳೋ ಅಧಿಕಾರ ಯಾರಿಗೂ ಇಲ್ಲ. ಯಾವ ಲಿಪಿಯ ಹೆಸರಾದ್ರೂ ಎಲ್ಲಾ ಕಡೆ ನಡೀಬೇಕು ಅನ್ನೋದಕ್ಕೆ ಯೂನಿವರ್ಸಲ್ ಅಕ್ಸೆಪ್ಟೆನ್ಸ್ ಅಂತ ಹೆಸರಿಟ್ಟು 2023ರಿಂದ ಮಾರ್ಚ್ 28ಕ್ಕೆ ದಿನಾಚರಣೆನೂ ಮಾಡ್ತಾರೆ. ದಿನಾಚರಣೆಯಿಂದ ಫಾರ್ಮ್ ಸರಿ ಹೋಗುತ್ತೆ ಅನ್ನೋ ಭರವಸೆ ನಂಗಂತೂ ಇಲ್ಲ.

ಬಂದ್ಮೇಲೆ ಮಾಡಿದ್ದಿಷ್ಟು: ನಾನು ಮಾಡಿಕೊಟ್ಟಿರೋ ಸೈಟುಗಳ ಫಾರ್ಮಲ್ಲಿ ಆ ಚೆಕ್ ತೆಗೆದೆ, ಬೇರೆಯೋರ ಫಾರ್ಮ್ ಕೈ ಕೊಟ್ಟಾಗ ಬಗ್ ರಿಪೋರ್ಟ್ ಹಾಕ್ತೀನಿ, ಕೆಲವರು ಸರಿ ಮಾಡ್ತಾರೆ, ಕೆಲವರು ಉತ್ತರಾನೂ ಕೊಡಲ್ಲ.

ಜರ್ಮನಿ ಖರ್ಚು ಜಾಸ್ತಿ ಅನ್ಸಿದ್ರೆ ನಮ್ಮಲ್ಲೇ ಇನ್‌ಸಿಗ್ ಅಂತ ಇಂಥದ್ದೇ ಒಂದು ಸ್ಕೂಲಿದೆ, 2016ರಲ್ಲಿ ಹೈದರಾಬಾದಲ್ಲಿ ಐಕ್ಯಾನ್ ಸಭೆ ನಡೆದಾಗ ಶುರುವಾಗಿದ್ದು. ಎಲ್ಲಿಗೆ ಹಾಕಿದ್ರೂ ಅರ್ಜಿಲಿ ನಿಮ್ಮದೇ ಒಂದು ತಲೆನೋವು ಬರೀರಿ, ಫೈಬರ್ ಬರ್ದೇ ಇರೋ ಹಳ್ಳಿ ಇರಬಹುದು, ಪರೀಕ್ಷೆ ದಿನ ನೆಟ್ ಬಂದ್ ಮಾಡಿದ್ದಿರಬಹುದು. ಇಂಗ್ಲಿಷ್ ಸರಿ ಬರಲ್ಲ ಅಂತ ಹಿಂಜರಿಬೇಡಿ, ಅಲ್ಲಿ ಅರ್ಧ ಜನಕ್ಕೆ ಅದು ಎರಡನೇ ಭಾಷೆನೋ ಮೂರನೇದೋ.