ಅಪ್‌ಡೇಟ್ ಆದ ಮೇಲೆ ಮೇಲ್ ಐಕಾನ್ ಎಲ್ಲಿ ಹೋಯ್ತು?

ಮೊನ್ನೆ ರಾತ್ರಿ ಅಪ್ಪನ ಫೋನ್ ತಾನಾಗಿಯೇ ಅಪ್‌ಡೇಟ್ ಆಯಿತು. ಬೆಳಿಗ್ಗೆ ನೋಡಿದರೆ ಮೇಲ್ ಐಕಾನ್ ಮಾಯ. "ಪಿಂಚಣಿ ಕಾಗದ ಎಲ್ಲ ಹೋಯ್ತಲ್ಲೇ!" ಎಂದು ಕಾಫಿಯನ್ನೂ ಮುಟ್ಟದೆ ಕೂತಿದ್ದರು. ಏನೂ ಹೋಗಿರಲಿಲ್ಲ. ಮೇಲ್‌ಗಳು ಸಾಮಾನ್ಯವಾಗಿ ಸರ್ವರ್‌ನಲ್ಲಿ, ಅಂದರೆ ಮೇಲ್ ಕಂಪನಿಯ ಕಂಪ್ಯೂಟರ್‌ನಲ್ಲಿ ಇರುತ್ತವೆ, ಐಕಾನ್ ಬರೀ ಬಾಗಿಲು ಅಷ್ಟೇ.

ಮೊದಲು ಫೋನ್ ರೀಸ್ಟಾರ್ಟ್ ಮಾಡಿ. ಆಮೇಲೆ ಹೋಮ್ ಸ್ಕ್ರೀನ್ ಮೇಲೆ ಬೆರಳನ್ನು ಕೆಳಗಿನಿಂದ ಮೇಲಕ್ಕೆ ಎಳೆದು, ಎಲ್ಲ ಆ್ಯಪ್‌ಗಳ ನಡುವೆ ಹುಡುಕಿ. ಸಿಕ್ಕಿದರೆ ಒತ್ತಿ ಹಿಡಿದು ಹೋಮ್ ಸ್ಕ್ರೀನ್‌ಗೆ ಎಳೆದು ಬಿಡಿ. ಸಿಗಲಿಲ್ವಾ? ಸೆಟ್ಟಿಂಗ್ಸ್‌ಗೆ ಹೋಗಿ ‘ಆ್ಯಪ್ಸ್’ ತೆರೆಯಿರಿ. ಅಪ್ಪನ ಫೋನಿನಲ್ಲಿ ಕಳ್ಳ ಸಿಕ್ಕಿದ್ದು ಅಲ್ಲೇ. ಮೇಲ್ ಆ್ಯಪ್ ಹೆಸರಿನ ಕೆಳಗೆ ‘ಡಿಸೇಬಲ್ಡ್’ ಎಂದಿತ್ತು. ‘ಎನೇಬಲ್’ ಒತ್ತಿದೆ, ಐಕಾನ್ ವಾಪಸ್ ಬಂತು. ಆ ಪಟ್ಟಿಯಲ್ಲೂ ಇಲ್ಲದಿದ್ದರೆ ಪ್ಲೇ ಸ್ಟೋರ್‌ನಿಂದ ಮತ್ತೆ ಹಾಕಿಕೊಳ್ಳಿ.

ಅವಸರದಲ್ಲಿ ‘ಕ್ಲಿಯರ್ ಡೇಟಾ’ ಮಾತ್ರ ಒತ್ತಬೇಡಿ. ಮತ್ತೆ ಲಾಗಿನ್ ಆಗಬೇಕಾಗಬಹುದು. ಅಪ್ಪನ ಪಾಸ್‌ವರ್ಡ್ ಹಳೇ ಡೈರಿಯ ಯಾವ ಪುಟದಲ್ಲಿದೆಯೋ, ಅವರಿಗೇ ಗೊತ್ತಿಲ್ಲ!

ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 10ರ ಹಳೇ ‘ಮೇಲ್’ ಟೈಲ್ (ಸ್ಟಾರ್ಟ್ ಮೆನುವಿನ ಚೌಕ) ಹುಡುಕುತ್ತಿದ್ದೀರಾ? ಸುಮ್ನೆ ಹುಡುಕಬೇಡಿ. ಆ ಆ್ಯಪ್‌ಗೆ ಮೈಕ್ರೋಸಾಫ್ಟ್ ಬೆಂಬಲ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಅದರ ಜಾಗಕ್ಕೆ ಹೊಸ ಔಟ್‌ಲುಕ್ ಬಂದಿದೆ. ಸ್ಟಾರ್ಟ್ ಒತ್ತಿ, ಇಂಗ್ಲಿಷಿನಲ್ಲಿ ಔಟ್‌ಲುಕ್ ಎಂದು ಟೈಪ್ ಮಾಡಿ. ಹೆಸರು ಕಂಡಾಗ ರೈಟ್ ಕ್ಲಿಕ್ ಮಾಡಿ ‘ಪಿನ್ ಟು ಸ್ಟಾರ್ಟ್’ ಆರಿಸಿ. ಟೈಲ್ ಬಂದು ಕೂರುತ್ತದೆ.