ಹುಳಿಮಾವಿಗೆ ಹುಲಿ ಬಿಟ್ಟವನು ನಾನೇ

ಓಪನ್‌ಸ್ಟ್ರೀಟ್‌ಮ್ಯಾಪ್ ಗೊತ್ತಲ್ವಾ? 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು. ವಿಕಿಪೀಡಿಯದ ಹಾಗೆ ಯಾರು ಬೇಕಾದರೂ ಖಾತೆ ತೆರೆದು ತಿದ್ದಬಹುದಾದ ಮ್ಯಾಪು. ಅಲ್ಲಿ ನಾನು ಮೊದಲು ಮಾಡಿಕೊಂಡದ್ದು ಕೆಟ್ಟ ಹೆಸರು.

ಬನ್ನೇರುಘಟ್ಟ ರಸ್ತೆಯ ಆಸುಪಾಸಿನ ಬಡಾವಣೆ, ಬಸ್ ಸ್ಟಾಪುಗಳಿಗೆ ಇಂಗ್ಲಿಷ್ ಹೆಸರಿತ್ತು, ಕನ್ನಡದ್ದು ಖಾಲಿ. ಹೊಸಬನ ಹುರುಪು ನೋಡಿ, ಒಂದು ಭಾನುವಾರ ರಾತ್ರಿ ಕೂತು ನೂರೈವತ್ತು ಹೆಸರನ್ನು ಇಂಗ್ಲಿಷಿನಿಂದ ಕನ್ನಡ ಲಿಪಿಗೆ ತಿರುಗಿಸುವ ಸಾಫ್ಟ್‌ವೇರಿಗೆ ಕೊಟ್ಟು, ಬಂದದ್ದನ್ನು ಕಣ್ಣೆತ್ತಿ ಕೂಡ ನೋಡದೆ ಒಂದೇ ಏಟಿಗೆ ಏರಿಸಿಬಿಟ್ಟೆ. ಕನ್ನಡದ ಕೆಲಸ ಮಾಡಿದೆ ಅಂತ ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ ನೋಡಿದರೆ ನಾನು ಏರಿಸಿದ್ದರ ಕೆಳಗೆ ಯಾರೋ ಕೇಳಿದ್ದರು: 'ಹುಳಿಮಾವಿಗೆ ಹುಲಿ ಯಾವಾಗ ಬಂತು ಸಾರ್?'

ಇಂಗ್ಲಿಷಿನಲ್ಲಿ ಲ, ಳ ಎರಡಕ್ಕೂ ಒಂದೇ ಅಕ್ಷರ. ನ, ಣ ಕೂಡ ಹಾಗೇ. ಯಂತ್ರಕ್ಕೇನು ಗೊತ್ತು? ಹುಳಿಮಾವು ಹುಲಿಮಾವು ಆಗಿತ್ತು. ಕೋಣನಕುಂಟೆಯ ಕೋಣ ಓಡಿಹೋಗಿ ಕೊನನಕುಂಟೆ ಉಳಿದಿತ್ತು. ಕಾಳೇನ ಅಗ್ರಹಾರ ಕಲೇನ ಅಗ್ರಹಾರ.

ತಪ್ಪು ಸಾಫ್ಟ್‌ವೇರಿನದು ಅಂತ ಉತ್ತರ ಬರೆದೆ. ಕಳಿಸುವ ಮೊದಲು ಅಳಿಸಿದೆ. 'ಓದದೆ ಹಾಕಿದ್ದು ನಾನು, ಇವತ್ತೇ ವಾಪಸ್ ತೆಗೆಯುತ್ತೇನೆ' ಎಂದಷ್ಟೇ ಬರೆದು, ಆಫೀಸಿಗೆ ರಜೆ ಹಾಕಿ ಎಲ್ಲವನ್ನೂ ತೆಗೆದೆ. ಒಟ್ಟಿಗೆ ಇಷ್ಟೊಂದು ತಿದ್ದುವ ಮೊದಲು ಉಳಿದವರನ್ನು ಕೇಳಬೇಕು ಎನ್ನುವ ನಿಯಮ ಇದೆ ಎಂದೂ ಆಗಲೇ ತಿಳಿದದ್ದು.

ಪ್ರೋಗ್ರಾಮರುಗಳ ಪ್ರಶ್ನೋತ್ತರದ ತಾಣ ಸ್ಟ್ಯಾಕ್ ಓವರ್‌ಫ್ಲೋದಲ್ಲಾದರೆ ನಿಮ್ಮ ಉತ್ತರಕ್ಕೆ ಒಂದು ವೋಟು ಬಿದ್ದರೆ 10 ಅಂಕ. ಇಲ್ಲಿ ಅಂಥದ್ದೇನೂ ಇಲ್ಲ. ನೀವು ಏನೇನು ತಿದ್ದಿದಿರಿ, ಯಾಕೆ, ಯಾವುದನ್ನು ನೋಡಿ ಎನ್ನುವುದು ನಿಮ್ಮ ಹೆಸರಿನ ಕೆಳಗೆ ತೆರೆದೇ ಇರುತ್ತದೆ, ಯಾರು ಬೇಕಾದರೂ ಓದಬಹುದು. ನನ್ನದರಲ್ಲಿ 'ಅಪ್‌ಡೇಟ್', 'ಅಪ್‌ಡೇಟ್' ಅಂತ ಸಾಲು ಸಾಲು. ಆಮೇಲಿಂದ 'ಹುಳಿಮಾವು ಗೇಟ್ ಸ್ಟಾಪ್, ಅಲ್ಲಿನ ಬೋರ್ಡು ನೋಡಿ ಹಾಕಿದ್ದು' ಎಂದು ಬರೆಯತೊಡಗಿದೆ. ನೂರೈವತ್ತರ ಬದಲು ದಿನಕ್ಕೆ ನಾಲ್ಕೋ ಐದೋ. ಗೂಗಲ್ ಮ್ಯಾಪ್ ನೋಡಿ ಕಾಪಿ ಹೊಡೆಯುವಂತಿಲ್ಲ, ಅದು ಲೈಸೆನ್ಸಿನ ವಿಷಯ, ಸಿಕ್ಕಿಬಿದ್ದರೆ ಮುಗಿಯಿತು. ಹಾಗಾಗಿ ನಡೆದೇ ನೋಡಬೇಕು. ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಎಂದು 2024ರಲ್ಲಿ ಬಂದ ಕಾನೂನು ನನಗಂತೂ ವರ. ಆದರೆ ಅಂಗಡಿ ಬೋರ್ಡಿನಲ್ಲೂ ತಪ್ಪಿರುತ್ತದೆ. ಅನುಮಾನ ಬಂದರೆ ಹೂ ಮಾರುವ ಅಜ್ಜಿಯನ್ನು ಕೇಳುತ್ತೇನೆ. ಅವರ ಬಾಯಲ್ಲಿ ಳ ಯಾವತ್ತೂ ಲ ಆಗುವುದಿಲ್ಲ.

ಇನ್ನೊಂದು, ಯಾರಿಗೂ ಬೇಡದ ಕೆಲಸ. ಮ್ಯಾಪಿನ ಮೇಲೆ ಜನ ಚೀಟಿ ಅಂಟಿಸಿ ಹೋಗುತ್ತಾರೆ. ಮೆಟ್ರೋ ಪಿಂಕ್ ಲೈನಿನ ಕಾಮಗಾರಿ ನಡೆಯುವಾಗ 'ಇಲ್ಲಿ ಯೂ-ಟರ್ನ್ ಮುಚ್ಚಿದ್ದಾರೆ', 'ಈ ರಸ್ತೆ ಈಗ ಒನ್‌ವೇ' ಅಂತ ಒಂದರ ಮೇಲೊಂದು ಬೀಳುತ್ತಿದ್ದವು. ಸಂಜೆ ವಾಕಿಂಗಿಗೆ ಹೇಗೂ ಹೋಗುತ್ತೇನಲ್ಲ, ಸುಮ್ನೆ ಆ ಕಡೆಗೇ ತಿರುಗುತ್ತಿದ್ದೆ. ಬ್ಯಾರಿಕೇಡ್ ನೋಡಿ ಬಂದು, ತಿದ್ದಿ, ಯಾವ ದಿನ ನೋಡಿದೆ ಎಂದು ಬರೆದು ಚೀಟಿ ಮುಚ್ಚುವುದು. ಮಾರನೇ ವಾರ ಬ್ಯಾರಿಕೇಡ್ ಜಾಗ ಬದಲಾಗಿರುತ್ತಿತ್ತು ಅನ್ನಿ. ಮತ್ತೆ ಹೋಗುವುದು. ಹೆಂಡತಿ ಇದಕ್ಕೆ ಇಟ್ಟ ಹೆಸರು ಬೀಟ್ ಡ್ಯೂಟಿ.

ಎರಡು ವರ್ಷ ಕಳೆದ ಮೇಲೆ ಒಂದು ದಿನ ಮೆಸೇಜ್ ಬಂತು. ಕಳಿಸಿದ್ದು ಹುಲಿ ಕೇಳಿದ್ದ ಅದೇ ಮನುಷ್ಯ. 'ಸಾರ್, ಅರಕೆರೆನಾ ಅರೆಕೆರೆನಾ? ನೀವು ಹೇಳಿದರೆ ಹಾಕ್ತೀನಿ.'

ನಾಳೆ ಹೋಗಿ ನೋಡಿ ಹೇಳುತ್ತೇನೆ ಎಂದೆ. ಹೋದೆ. ಒಂದೇ ಬೀದಿಯಲ್ಲಿ ಎರಡೂ ಇತ್ತು.